ಕತ್ತಿ ಕಾಳಗ ಕಲಿಸೋರು ಯಾರು: ದೊಡ್ಡಾಟದ ಮಾಸ್ತರೋ, ತಾಲೀಮಿನ ವಸ್ತಾದರೋ, ಫೆನ್ಸಿಂಗ್ ಹುಡುಗನೋ?

ಕಿತ್ತೂರು ಕಾಲದ ಕಿರುಚಿತ್ರ ಮಾಡಬೇಕು ಅನ್ನುವವರಿಗೆ ಬೆಳಗಾವಿ ಸೀಮೆಯಲ್ಲಿ ಕಥೆಗೆ ಬರವಿಲ್ಲ, ಗುಡ್ಡಕ್ಕೂ ಬರವಿಲ್ಲ. ಬರ ಇರುವುದು ಫೈಟ್ ಮಾಸ್ಟರ್‌ಗೆ ಕೊಡುವ ದುಡ್ಡಿಗೆ. ಹಾಗಾಗಿ ನಮ್ಮಂಥ ಹವ್ಯಾಸಿಗಳು ಊರಲ್ಲಿ ಸಿಗುವವರನ್ನೇ ಹಿಡಿಯಬೇಕು. ನಾವು ಮೂರು ಕಡೆ ಹೋದೆವು. ದೊಡ್ಡಾಟ ಕಲಿಸುವ ಮಾಸ್ತರರು, ತಾಲೀಮಿನಲ್ಲಿ, ಅಂದರೆ ಗರಡಿಯಲ್ಲಿ, ಮರ್ದಾನಿ ಖೇಲ್ ಅನ್ನುವ ಆಯುಧದಾಟ ಆಡಿಸುವ ವಸ್ತಾದರು, ಕಾಲೇಜಿನಲ್ಲಿ ಫೆನ್ಸಿಂಗ್ ಅನ್ನುವ ಕತ್ತಿಯ ಕ್ರೀಡೆ ಆಡಿದ್ದ ನಮ್ಮ ಗೆಳೆಯನೊಬ್ಬ. ಮೂವರಿಗೂ ಕೊಟ್ಟದ್ದು ಒಂದೇ ದೃಶ್ಯ: ಕಿತ್ತೂರಿನ ಸಿಪಾಯಿ, ಕಂಪನಿ ಸರಕಾರದ ಅಧಿಕಾರಿ, ಇಬ್ಬರ ಕೈಯಲ್ಲೂ ಕತ್ತಿ, ಕೊನೆಗೆ ಅಧಿಕಾರಿ ಬೀಳಬೇಕು. ಫೋನ್ ಒಂದೇ ಜಾಗದಲ್ಲಿ ನಿಲ್ಲಿಸಿ ಮೂರನ್ನೂ ಚಿತ್ರೀಕರಿಸಿ ಪಕ್ಕಪಕ್ಕದಲ್ಲಿಟ್ಟು ನೋಡಿದೆವು.

ಇತಿಹಾಸ ಓದಿದವರು ತಕರಾರು ತೆಗೆಯುವ ಮುಂಚೆ ಹೇಳಿಬಿಡುತ್ತೇನೆ. 1824ರ ಅಕ್ಟೋಬರ್ 23ರಂದು ಕಂಪನಿಯ ಅಧಿಕಾರಿ ಥ್ಯಾಕರೆ ಸತ್ತದ್ದು ಕಿತ್ತೂರಿನ ಅಮಟೂರು ಬಾಳಪ್ಪನ ಗುಂಡಿಗೆ, ಕತ್ತಿಗಲ್ಲ. ನಮ್ಮ ಸಿಪಾಯಿ, ನಮ್ಮ ಅಧಿಕಾರಿ ಇಬ್ಬರೂ ಕಲ್ಪನೆಯವರು. ಬಂದೂಕಿನ ಹೊಗೆ ತೋರಿಸುವ ತಾಕತ್ತು ನಮಗಿಲ್ಲ, ಅದಕ್ಕೇ ಕತ್ತಿ.

ಮಾಸ್ತರರಿಂದ ಶುರು ಮಾಡುತ್ತೇನೆ, ಯಾಕೆಂದರೆ ಅವರ ಬಗ್ಗೆಯೇ ನನಗೆ ಎಲ್ಲಕ್ಕಿಂತ ಕಡಿಮೆ ನಂಬಿಕೆ ಇತ್ತು. ದೊಡ್ಡಾಟದ ಯುದ್ಧ ಅಂದರೆ ಕಿರೀಟ, ಭುಜಕೀರ್ತಿ, ಮದ್ದಳೆ ಪೆಟ್ಟಿಗೆ ಕುಣಿತ. ಸಿನಿಮಾದಲ್ಲಿ ಅದು ನಗೆಪಾಟಲಾಗುತ್ತದೆ ಅಂದುಕೊಂಡೇ ಅವರ ಅಂಗಳಕ್ಕೆ ಹೋದದ್ದು. ಅವರು ಕತ್ತಿ ಕೈಗೇ ಕೊಡಲಿಲ್ಲ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಬಾಯಲ್ಲಿ ತಾಳ ಹೇಳುತ್ತ ಬರೀ ಹೆಜ್ಜೆ ಹಾಕಿಸಿದರು. ಮುಂದೆ ಎರಡು, ಹಿಂದೆ ಒಂದು, ಸುತ್ತು. ಆಮೇಲೆ ಬರಿಗೈ. ಕತ್ತಿ ಬಂದದ್ದು ಎಷ್ಟೋ ಹೊತ್ತಿನ ಮೇಲೆ. ನಮ್ಮ ಸಿಪಾಯಿ ಪಾತ್ರದವನು ಹುರುಪಿನಲ್ಲಿ ಸಟಕ್ಕನೆ ಬೀಸಿದ. ಮಾಸ್ತರರು ತಾಳ ನಿಲ್ಲಿಸಿ, “ಅಲ್ಲೋ ತಮ್ಮಾ, ನೀ ಹೊಡಿತಿ ಅಂತ ಮೊದಲ ಅವಗ ಗೊತ್ತಾಗಬೇಕು, ನೋಡಾವ್ರಿಗೂ ಗೊತ್ತಾಗಬೇಕು. ಮೊದಲ ಕಣ್ಣಿಲೆ ಹೊಡಿ, ಆಮ್ಯಾಲ ಕತ್ತಿಲೆ,” ಅಂದರು.

ವಿದೇಶದ ರಂಗಭೂಮಿಯವರು ಹುಸಿ ಕಾಳಗಕ್ಕೆ ಹಾಕಿಕೊಂಡಿರುವ ಮೊದಲ ನಿಯಮವೂ ಇದೇ. ಕಣ್ಣು ಕೂಡಬೇಕು, ಹೊಡೆಯುವವನು ಕೈ ಹಿಂದೆಳೆದು ತಯಾರಿ ತೋರಿಸಬೇಕು, ತಡೆಯುವವನ ಕತ್ತಿ ತನ್ನ ಜಾಗಕ್ಕೆ ಬರಬೇಕು, ಆಗ ಏಟು ಬೀಳಬೇಕು. ಏಟು ಬೀಳುವುದು ಎದುರಾಳಿಯ ಮೈಮೇಲಲ್ಲ, ಅವನ ಕತ್ತಿಯ ಮೇಲೆ. ಮಾಸ್ತರರ ಹುಡುಗರಿಗೆ ಇದು ನಿಯಮ ಅಂತಲೇ ಗೊತ್ತಿಲ್ಲ, ತಾಳದೊಳಗೇ ಕೂತುಬಿಟ್ಟಿದೆ. ಎಷ್ಟನೇ ಪೆಟ್ಟಿಗೆ ಎದುರಿನವನು ಎಲ್ಲಿರುತ್ತಾನೆ ಅಂತ ಇಬ್ಬರಿಗೂ ಗೊತ್ತಿರುವುದರಿಂದ ಕೈ ಮೈ ತರಚಿಕೊಂಡವರೇ ಇಲ್ಲ. ಸಂಭಾಷಣೆ ಮರೆತ ನಟ ಕೂಡ ಕಾಳಗ ಮರೆಯುವುದಿಲ್ಲ.

ಕೊರತೆ ಕಂಡದ್ದು ಪರದೆ ಮೇಲೆ. ದೊಡ್ಡಾಟದವರು ಜೀವಮಾನವೆಲ್ಲ ಎದುರಿಗೆ ಕೂತ ಜನಕ್ಕಾಗಿ ಆಡಿದವರು, ಹೀಗಾಗಿ ಎದೆ ಯಾವಾಗಲೂ ಕ್ಯಾಮೆರಾ ಕಡೆಗೇ ತಿರುಗುತ್ತದೆ. ಎದುರಾಳಿ ಬಗಲಲ್ಲಿದ್ದರೂ ಅಷ್ಟೇ. ದೂರದ ಶಾಟ್‌ನಲ್ಲಿ ನಡೆಯುತ್ತದೆ, ಹತ್ತಿರ ಹೋದರೆ ಕುಣಿತ ಕಾಣುತ್ತದೆ. ಸಾಯುವುದಂತೂ ಕೇಳಬೇಡಿ, ಅಧಿಕಾರಿ ಮೂರು ಸುತ್ತು ತಿರುಗಿ, ಎದೆ ಹಿಡಿದು, ಆಮೇಲೆ ಮಂಡಿಯೂರಿದ.

ವಸ್ತಾದರ ಕಡೆ ಹೋದಾಗ ನಮಗೆ ಸಿಕ್ಕಿದ್ದು ಬೇರೆಯದೇ ಲೋಕ. ಕೊಲ್ಲಾಪುರ, ಬೆಳಗಾವಿ ಪಟ್ಟಿಯಲ್ಲಿ ಶಿವಜಯಂತಿ ಮೆರವಣಿಗೆ ನೋಡಿದವರಿಗೆ ಮರ್ದಾನಿ ಖೇಲ್ ಹೊಸದಲ್ಲ: ಲಾಠಿ, ತಲವಾರ, ಮೊಣಕೈವರೆಗೆ ಉಕ್ಕಿನ ಕವಚವಿರುವ ದಾಂಡಪಟ್ಟಾ. ಅವರು ಕಲಿಸುವ ಕಾಲಿನ ವರಸೆಗೆ ಪವಿತ್ರಾ ಅನ್ನುತ್ತಾರೆ. ಮಂಡಿ ಬಗ್ಗಿಸಿ ನೆಲಕ್ಕೆ ಹತ್ತಿರ ಕೂತು, ಎದುರಿನವನ ಸುತ್ತ ವರ್ತುಲದಲ್ಲಿ ಸರಿಯುವುದು. ಲಾಠಿ ತಿರುಗಿಸಿ ತಿರುಗಿಸಿ ನಮ್ಮ ಸಿಪಾಯಿಯ ಹೆಗಲು ಇಳಿಯಿತು, ನಿಲ್ಲುವ ರೀತಿಯೇ ಬದಲಾಯಿತು. ಕತ್ತಿ ಬೀಸದೆ ಸುಮ್ಮನೆ ನಿಂತ ಶಾಟ್‌ನಲ್ಲೂ ಇವನು ಕತ್ತಿ ಹಿಡಿದು ಬೆಳೆದವನು ಅನ್ನಿಸತೊಡಗಿತು. ಮಾಸ್ತರರಿಂದಲೂ ಇದು ಸಿಕ್ಕಿರಲಿಲ್ಲ, ಫೆನ್ಸಿಂಗ್‌ನಿಂದ ಸಿಗುವಂಥದೂ ಅಲ್ಲ.

ಇನ್ನೊಂದು ಸೂಕ್ಷ್ಮ ಅವರು ಕೈ ಹಿಡಿದು ತೋರಿಸಿದರು. ನಮ್ಮ ದೇಶದ ತಲವಾರದ ಹಿಡಿಕೆಯ ತುದಿಯಲ್ಲಿ ತಟ್ಟೆಯಂಥ ಬಿಲ್ಲೆ ಇರುತ್ತದಲ್ಲ, ಅದು ಮಣಿಕಟ್ಟಿಗೆ ಒತ್ತಿ ನಿಲ್ಲುತ್ತದೆ. ಹಿಡಿಯೂ ಗಿಡ್ಡ, ಕೈ ಬಿಗಿಯಾಗಿ ಕೂರುತ್ತದೆ. ಸಿನಿಮಾದಲ್ಲಿ ನೋಡಿದಂತೆ ಮಣಿಕಟ್ಟು ಚಾಚಿ ಮುಂದಕ್ಕೆ ಇರಿಯಲು ಹೋದರೆ ಬಿಲ್ಲೆ ತಡೆಯುತ್ತದೆ. ಮೊಣಕೈ, ಹೆಗಲಿನಿಂದ ಎಳೆದು ಕೊಯ್ಯುವುದಕ್ಕೇ ಮಾಡಿದ ಕತ್ತಿ ಅದು. ಕಿತ್ತೂರಿನ ಸಿಪಾಯಿಯ ಕೈಗೆ ತಲವಾರ ಕೊಟ್ಟು ಯುರೋಪಿನ ಚುಚ್ಚಾಟ ಆಡಿಸಿದರೆ ಯಾಕೋ ಹೊಂದುವುದಿಲ್ಲ ಅನ್ನಿಸುವುದು ಇದಕ್ಕೇ.

ಆದರೆ ವಸ್ತಾದರಿಗೆ ನಿಧಾನ ಅನ್ನುವುದು ಆಗಿಬರುವುದಿಲ್ಲ. “ಸಾವಕಾಶ ಮಾಡಿದ್ರ ಅದು ಖೇಲ್ ಹೆಂಗ ಆಗತೈತ್ರೀ?” ಅನ್ನುತ್ತಾರೆ. ಹುಸಿ ಕಾಳಗದ ಅಭ್ಯಾಸ ಮೊದಲು ತೀರಾ ನಿಧಾನ, ಆಮೇಲೆ ಅರ್ಧ ವೇಗ, ಕ್ಯಾಮೆರಾ ಮುಂದೆ ಮುಕ್ಕಾಲು ವೇಗ. ಅದಕ್ಕಿಂತ ಮೇಲೆ ಹೋಗಬಾರದು. ಅವರ ಹುಡುಗರು ಶುರುವಿನಿಂದಲೇ ಪೂರ್ತಿ ವೇಗ. ಮೇಲಾಗಿ ಅದು ಬಹುಮಟ್ಟಿಗೆ ಒಬ್ಬನೇ ಆಡುವ ಪ್ರದರ್ಶನ. ತಲೆ ಸುತ್ತ, ಬೆನ್ನ ಹಿಂದೆ ಕತ್ತಿ ಗಿರಗಿರ ತಿರುಗುವುದು ಕಣ್ಣಿಗೆ ಹಬ್ಬ, ಆದರೆ ಎದುರು ಒಬ್ಬ ನಿಂತಾಗ ಯಾರು ಹೊಡೆಯುತ್ತಿದ್ದಾರೆ, ಯಾರು ತಡೆಯುತ್ತಿದ್ದಾರೆ ತಿಳಿಯುವುದೇ ಇಲ್ಲ. ಅಧಿಕಾರಿ ಪಾತ್ರದವನು ಆ ದಿನ ಹಿಂದೆ ಸರಿದದ್ದು ನಟನೆ ಅಲ್ಲ, ಖರೇನ ಹೆದರಿ. ಶಾಟ್ ಮಾತ್ರ ಅದರಿಂದಲೇ ಚೆನ್ನಾಗಿ ಬಂತು ಅನ್ನುವುದು ಬೇರೆ ಮಾತು.

ಫೆನ್ಸಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟೋಕಿಯೊ ಒಲಿಂಪಿಕ್ಸ್‌ಗೆ ಫೆನ್ಸಿಂಗ್ ಆಟಗಾರ್ತಿ ಭವಾನಿ ದೇವಿ ಹೋದ ಮೇಲೆ ಆ ಆಟದ ಒಂದು ಬಗೆಯ ಕತ್ತಿಯಾದ ಸೇಬರ್ ಅನ್ನುವ ಹೆಸರು ನಮ್ಮ ಕಡೆಯೂ ಕಿವಿಗೆ ಬಿದ್ದಿದೆ. 500 ಗ್ರಾಂ ಮೀರದ ಕತ್ತಿ, 14 ಮೀಟರಿನ ಪಟ್ಟಿ, ಹಿಂದೆ ಮುಂದೆ ಅಷ್ಟೇ ಓಡಾಟ. ಗೆಳೆಯ ಆಡಿ ತೋರಿಸಿದಾಗ ನಾವೆಲ್ಲ ಏಟು ಯಾವಾಗ ಬಿತ್ತು ಅಂತ ಪರಸ್ಪರ ಕೇಳಿಕೊಂಡೆವು. ಆ ಆಟದ ಗುರಿಯೇ ಎದುರಿನವನಿಗೆ ಸುಳಿವು ಕೊಡದಿರುವುದು, ಸಿನಿಮಾಕ್ಕೆ ಬೇಕಾದದ್ದು ಸುಳಿವು ಕೊಡುವುದು. ಹಾಗಂತ ತಳ್ಳಿಹಾಕುವಂತಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರ ಫೆನ್ಸಿಂಗ್ ಆಡಿದ ಬಾಬ್ ಆ್ಯಂಡರ್ಸನ್ ಮುಂದೆ ಹಾಲಿವುಡ್ಡಿಗೇ ಕತ್ತಿ ಕಲಿಸಿದವರು. ಅಂಥವರ ಕತ್ತಿಯೂ ಒಮ್ಮೆ ಚಿತ್ರೀಕರಣದಲ್ಲಿ ನಟ ಎರಲ್ ಫ್ಲಿನ್ ತೊಡೆಗೆ ತಾಗಿತ್ತು.

ಗೆಳೆಯನಿಂದ ನಮಗೆ ದಕ್ಕಿದ್ದು ಎರಡು. ಒಂದು, ಅಂತರ: ಕೈ ಚಾಚಿ ಕತ್ತಿ ಹಿಡಿದಾಗ ತುದಿ ಎದುರಿನವನ ಎದೆಯಿಂದ ಒಂದು ಗೇಣು ಹಿಂದೆಯೇ ನಿಲ್ಲಬೇಕು. ಎರಡು, ಸಂಖ್ಯೆ. ಸೇಬರ್‌ನಲ್ಲಿ ಬಲಗೈಯವನಿಗೆ ಬಲಬದಿ ತಡೆಯುವುದು ಮೂರು, ಎಡಬದಿ ನಾಲ್ಕು, ತಲೆ ಐದು. ಇದು ಬಂದ ಮೇಲೆ ಇಡೀ ಕಾಳಗವನ್ನು ಫೋನಿನಲ್ಲೇ ಹೇಳಬಹುದಾಯಿತು: “ಐದು, ಮೂರು, ಮೂರು, ಹಿಂದ ಸರಿ, ನಾಲ್ಕು.” ಗೋಕಾಕದಲ್ಲಿ ಕೆಲಸಕ್ಕಿದ್ದ ನಟ ರಾತ್ರಿ ಖೋಲಿಯಲ್ಲಿ ಛತ್ರಿ ಹಿಡಿದು ಅಭ್ಯಾಸ ಮಾಡಿದ್ದು ಹೀಗೆಯೇ.

ಒಬ್ಬರನ್ನೇ ಆರಿಸಬೇಕು ಅಂದರೆ ನನ್ನ ಓಟು ಮಾಸ್ತರರಿಗೆ. ನೋಡುವವರು ನಂಬುವುದು ವೇಗವನ್ನಲ್ಲ, ಏಟಿಗೂ ಏಟಿಗೂ ನಡುವಿನ ಬಿಡುವಿನಲ್ಲಿ ಮುಖದ ಮೇಲೆ ಬರುವ ಭಯ, ದಣಿವು, ಲೆಕ್ಕಾಚಾರವನ್ನು. ಆ ಬಿಡುವು ಇಟ್ಟುಕೊಂಡು ಕಾಳಗ ಕಟ್ಟುವುದು ಅವರೊಬ್ಬರಿಗೇ ಬರುತ್ತಿತ್ತು. ಆದರೆ ಒಬ್ಬರನ್ನೇ ಆರಿಸಬೇಕು ಅಂತ ಯಾರು ಹೇಳಿದರು? ನಾವು ಕೊನೆಗೆ ಮಾಡಿದ್ದು ಹಂಚಿಕೆ. ಸಿಪಾಯಿ ವಸ್ತಾದರ ಪವಿತ್ರಾದಲ್ಲಿ ಸುತ್ತು ಸರಿಯುತ್ತಾನೆ, ಅಧಿಕಾರಿ ಫೆನ್ಸಿಂಗ್ ಹುಡುಗ ಹೇಳಿದಂತೆ ನೆಟ್ಟಗಿನ ಗೆರೆಯಲ್ಲಿ ಮುಂದೆ ಹಿಂದೆ, ಇಬ್ಬರನ್ನೂ ಕೂಡಿಸುವ ತಾಳ ಮಾಸ್ತರರದು. ಒಬ್ಬ ವರ್ತುಲ, ಒಬ್ಬ ಗೆರೆ. ಯಾರ ನಾಡಿನವರು ಯಾರು ಅಂತ ಸಂಭಾಷಣೆಯೇ ಬೇಕಾಗಲಿಲ್ಲ. ಸಾಯುವ ಮೂರು ಸುತ್ತು ಮಾತ್ರ ಮಾಸ್ತರರ ಕಣ್ಣು ತಪ್ಪಿಸಿ ಎಡಿಟಿಂಗ್‌ನಲ್ಲಿ ಕತ್ತರಿಸಿದೆವು.

ಇನ್ನು ಕತ್ತಿ. ನಾಟಕದ ಸಾಮಾನು ಬಾಡಿಗೆ ಕೊಡುವವರಲ್ಲಿ ಸಿಗುವುದು ಬೇಗಡೆ ಸುತ್ತಿದ ಕಟ್ಟಿಗೆ ಕತ್ತಿ ಇಲ್ಲವೇ ತಗಡಿನದು. ಕಟ್ಟಿಗೆಯದು ಹಿಂದೆ ಓಡುವ ಸೈನಿಕರ ಸೊಂಟಕ್ಕೆ ಸಾಕು, ತಗಡು ಎರಡನೇ ಏಟಿಗೇ ಬಾಗುತ್ತದೆ. ಕಮ್ಮಾರರು ಬಡಿದುಕೊಟ್ಟ ಕಬ್ಬಿಣದ ಕತ್ತಿಯಷ್ಟು ಅಂದ ಯಾವುದಕ್ಕೂ ಇಲ್ಲ, ಆದರೆ ತೂಕ ನೋಡಿ. 75 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲ, 6 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿ ಒಂದು ಕಿಲೋ ದಾಟುತ್ತದೆ, ಅದೇ ಅಳತೆಯ ಅಲ್ಯೂಮಿನಿಯಂ 365 ಗ್ರಾಂ ಆಸುಪಾಸು. ರೂಢಿಯಿಲ್ಲದ ನಟ ಕಬ್ಬಿಣದ್ದನ್ನು ಬೀಸಬಲ್ಲ, ನಿಲ್ಲಿಸಲಾರ. ಅಪಾಯ ಇರುವುದು ನಿಲ್ಲಿಸುವುದರಲ್ಲೇ. ಒಂದನ್ನು ಕ್ಲೋಸಪ್‌ಗೆ, ಒರೆಯಿಂದ ಹಿರಿಯುವ ಶಾಟ್‌ಗೆ ಇಟ್ಟುಕೊಳ್ಳಿ. ಹೊಡೆದಾಟಕ್ಕೆ ಬೇಡ.

ಅಲ್ಯೂಮಿನಿಯಂ ಕತ್ತಿಗೆ ಬೆಳಗಾವಿಯ ಕೈಗಾರಿಕೆ ಪ್ರದೇಶ ಉದ್ಯಮಬಾಗ್ ಇದೆ. ಕಾಗದದ ಮೇಲೆ ಬರೆದ ಆಕಾರವನ್ನು ಕಂಪ್ಯೂಟರ್ ಡ್ರಾಯಿಂಗ್ ಮಾಡಿಕೊಟ್ಟರೆ ವರ್ಕ್‌ಶಾಪಿನವರು ದಪ್ಪ ಹಾಳೆಯಿಂದ ಕತ್ತರಿಸಿಕೊಡುತ್ತಾರೆ. ಬ್ರಿಟಿಷ್ ಲಘು ಅಶ್ವದಳದ 1796ರ ಮಾದರಿಯ ಬಾಗಿದ ಸೇಬರ್ ಆಕಾರವನ್ನು ನಾವು ಅಧಿಕಾರಿಗೆ ಹೀಗೆಯೇ ಮಾಡಿಸಿದ್ದು. ಅಂಚು ಕನಿಷ್ಠ ಎರಡು ಮಿಲಿಮೀಟರ್ ದಪ್ಪ ಉಳಿಯಬೇಕು, ತುದಿ ದುಂಡಗಿರಬೇಕು. ಹಗುರವಾದ್ದರಿಂದ ನಟರು ಇದನ್ನು ಜೋಳದ ದಂಟಿನ ಹಾಗೆ ಬೀಸುತ್ತಾರೆ. ಹಿಡಿಕೆಯ ತುದಿಗೆ ಹಿತ್ತಾಳೆ ಗುಂಡು ಕೂಡಿಸಿದರೆ ಕೈಗೆ ಭಾರ ಸಿಕ್ಕು ಬೀಸು ತಾನೇ ನಿಧಾನವಾಗುತ್ತದೆ. ಏಟು ಬಿದ್ದಲ್ಲೆಲ್ಲ ಅಂಚು ಹಲ್ಲು ಹಲ್ಲಾಗಿ ಏಳುತ್ತದೆ, ಆ ಹಲ್ಲು ಚರ್ಮ ಸೀಳಬಲ್ಲದು. ಪ್ರತಿ ಶಾಟ್ ಮುಗಿದಾಗ ಒಬ್ಬ ಅರ ಹಿಡಿದು ಉಜ್ಜುವುದಕ್ಕೇ ಇರಲಿ.

ಕ್ಯಾಮೆರಾದ ವಿಷಯ ಚುಟುಕಾಗಿ. ದೂರ ನಿಂತು ಜೂಮ್ ಲೆನ್ಸ್‌ನಲ್ಲಿ ತೆಗೆಯಿರಿ, ಗೇಣಿನ ಅಂತರ ಮಾಯವಾಗುತ್ತದೆ. ಇರಿತವನ್ನು ಕ್ಯಾಮೆರಾಕ್ಕೆ ಕಾಣದ ಆಚೆ ಬದಿಯಿಂದ, ತೋಳು ಪಕ್ಕೆಲುಬಿನ ನಡುವೆ ದಾಟಿಸಿ. ಸೆಕೆಂಡಿಗೆ 25 ಫ್ರೇಮ್ ತೆಗೆಯುವಾಗ ಶಟರ್ ಸಾಮಾನ್ಯವಾಗಿ 1/50 ಸೆಕೆಂಡು, ಬಯಲ ಬಿಸಿಲಲ್ಲಿ 1/200ಕ್ಕೆ ಏರಿಸಿದರೆ ಮಸುಕು ಹೋಗಿ ಏಟು ಚುರುಕಾಗಿ ಕಾಣುತ್ತದೆ. ಎಡಿಟಿಂಗ್‌ನಲ್ಲಿ ವೇಗ ಶೇ. 10 ಹೆಚ್ಚಿಸಿದರೆ ಯಾರಿಗೂ ಗೊತ್ತಾಗದು, ಅದಕ್ಕಿಂತ ಹೆಚ್ಚಿಸಿದರೆ ಧೋತರದ ಚುಂಗು ಹಾರುವುದರಲ್ಲೇ ಬಣ್ಣ ಬಯಲು. ಅಲ್ಯೂಮಿನಿಯಂ ಸದ್ದು ಟಪ್ ಅನ್ನುವುದರಿಂದ ಖಣಿಲ್ ಅನ್ನುವ ಸದ್ದು ಬೇರೆಯೇ ಹಿಡಿಯಬೇಕು. ಹಳೆಯ ಕುಡಗೋಲೊಂದನ್ನು ದಾರಕ್ಕೆ ನೇತುಹಾಕಿ ಇನ್ನೊಂದರಿಂದ ಬಡಿದದ್ದು ನಮಗೆ ಇಂಟರ್‌ನೆಟ್ಟಿನ ಎಲ್ಲ ಸದ್ದಿಗಿಂತ ಚೆನ್ನಾಗಿ ಕೂಡಿತು.

ಚಿತ್ರೀಕರಣಕ್ಕೆ ಹೊರಡುವ ಮುಂಚೆ ಠಾಣೆಗೆ ಒಂದು ಅರ್ಜಿ ಕೊಟ್ಟು ಸಹಿ ಹಾಕಿಸಿಕೊಂಡ ಪ್ರತಿ ಜೇಬಿನಲ್ಲಿರಲಿ. ಹರಿತವಾದ ಕತ್ತಿ 1959ರ ಆಯುಧ ಕಾಯ್ದೆಯೊಳಗೆ ಬರುತ್ತದೆ, ನಿಮ್ಮದು ಮೊಂಡು ಅಂತ ದೂರದಿಂದ ನೋಡುವವರಿಗೆ ತಿಳಿಯುವುದಿಲ್ಲ. ಗೋಳಗುಮ್ಮಟ, ಬಾದಾಮಿಯಂಥ ಜಾಗಕ್ಕೆ ಪುರಾತತ್ವ ಇಲಾಖೆಯ ಅನುಮತಿಯೂ ಬೇಕು. ಬಸ್ಸಿನಲ್ಲಿ ಒಯ್ಯುವಾಗ ಕತ್ತಿಗಳನ್ನು ಗೋಣಿಚೀಲದಲ್ಲಿ ಸುತ್ತಿ ಹಗ್ಗ ಬಿಗಿಯಿರಿ, ಹಿಡಿಕೆ ಹೊರಗೆ ಇಣುಕದಂತೆ.