ಅಘನಾಶಿನಿ ಅಳಿವೆ: ದೋಣಿ ಸುಮಾರು, ಕಯಾಕ್ ಭರ್ಜರಿ

ಮಾಗಡಿ ಕೆರೆಯ ದಂಡೆ ಮೇಲೆ ನಿಂತು ಪಟ್ಟೆತಲೆ ಹೆಬ್ಬಾತು ನೋಡಿ ರೂಢಿಯಾದ ನಮ್ಮ ಗದಗ, ಲಕ್ಷ್ಮೇಶ್ವರದ ಹಕ್ಕಿಪ್ರಿಯರಿಗೆ ಇದನ್ನು ಬರೆಯುತ್ತಿದ್ದೇನೆ. ನೀರಿನೊಳಗೇ ಹೋಗಿ ಜೌಗು ನೋಡಬೇಕು ಅನ್ನಿಸಿದರೆ ಕುಮಟಾ ಹತ್ತಿರ ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಗೆ ಹೋಗಿ. 2024ರ ಜನವರಿಯಲ್ಲಿ ಮಾಗಡಿ ಕೆರೆ ಜಗತ್ತಿನ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿಗೆ ಸೇರಿತಲ್ಲ, ಅದೇ ಸಲ ಈ ಅಳಿವೆಯೂ ಸೇರಿತು. ನಮ್ಮದು ಸುಮಾರು 54 ಹೆಕ್ಟೇರಿನ ಕೆರೆ, ಇದು ಸುಮಾರು 4,800 ಹೆಕ್ಟೇರ್!

ಇದು ಕೃಷ್ಣಾ, ಗೋದಾವರಿಗಳದ್ದರಂತೆ ಹೊಳೆ ತಂದ ಹೂಳು ಹರಡಿ ಆದ ಡೆಲ್ಟಾ ಅಲ್ಲ. ನಮ್ಮ ಜಿಲ್ಲೆಯ ಅಂಚಿನಲ್ಲಿ ಹರಿಯುವ ತುಂಗಭದ್ರೆ ಪೂರ್ವಕ್ಕೆ ಸಾಗಿ ಕೃಷ್ಣೆ ಸೇರುತ್ತದೆ, ಆ ಹೂಳು ಆಂಧ್ರದಲ್ಲಿ ಹರಡುತ್ತದೆ. ಅಘನಾಶಿನಿ ಶಿರಸಿ ಕಡೆ ಹುಟ್ಟಿ, ಘಟ್ಟ ಇಳಿದು ಸೀದಾ ಸಮುದ್ರಕ್ಕೆ ಬರುತ್ತದೆ. ದಾರಿಯಲ್ಲಿ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಅದಕ್ಕೇ ಇಲ್ಲಿ ಸಿಹಿನೀರು, ಉಪ್ಪುನೀರು ಎರಡೂ ಇನ್ನೂ ತಮ್ಮ ಪಾಡಿಗೆ ಬೆರೆಯುತ್ತವೆ. ಪಕ್ಕದ ಶರಾವತಿಗೆ ಆ ಭಾಗ್ಯ ಇಲ್ಲ, ಅಲ್ಲಿ ವಿದ್ಯುತ್ ಮಾಡಿ ಬಿಟ್ಟ ಸಿಹಿನೀರು ವರ್ಷವಿಡೀ ಬರುತ್ತಲೇ ಇರುತ್ತದೆ.

ನಾವು ಹೋದದ್ದು ಮಳೆಗಾಲ ಮುಗಿದು ಚಳಿ ಶುರುವಾದ ಮೇಲೆ. ಎಂಜಿನ್ ದೋಣಿ, ಕಯಾಕ್ (ನಾವೇ ಹುಟ್ಟು ಹಾಕುವ ಕಿರುದೋಣಿ) ಎರಡನ್ನೂ ಒಬ್ಬರ ಹತ್ತಿರವೇ ಗೊತ್ತು ಮಾಡಿದ್ದೆವು. ಹೆಸರು ಬರೆಯುವುದಿಲ್ಲ, ಏಕೆಂದರೆ ಅವರ ಬಗ್ಗೆ ತಕರಾರೂ ಇದೆ.

ದೋಣಿ ಸುಮಾರು, ಅಷ್ಟೇ. ಎಂಜಿನ್ ಗದ್ದಲಕ್ಕೆ ಬೆಳ್ಳಕ್ಕಿಗಳು ನಾವು ಹತ್ತಿರ ಹೋಗುವ ಮೊದಲೇ ಹಾರುತ್ತವೆ. ನಡುಹೊಳೆಯಲ್ಲಿ ಒಂದು ಸುತ್ತು ಹಾಕಿ, ಫೋಟೋ ತೆಗೆಸಿ, ವಾಪಸ್. ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದರೆ ಇದೇ ಸರಿ, ನಮ್ಮ ಅತ್ತೆಯವರಿಗಂತೂ ಬಹಳ ಹಿಡಿಸಿತು. ಆದರೆ ಘಟ್ಟ ಇಳಿದು ಅಷ್ಟು ದೂರ ಬಂದವರಿಗೆ ಇಷ್ಟೇ ಸಾಲದು ಅಲ್ವಾ?

ಕಯಾಕ್ ಬೇರೆಯೇ ಅನುಭವ. ಇಬ್ಬರು ಕೂರುವಂಥದ್ದು, ಹುಟ್ಟು ಹಾಕುವುದನ್ನು ದಡದಲ್ಲೇ ಕಲಿಸುತ್ತಾರೆ, ಕಲಿಯಲು ಹೆಚ್ಚು ಹೊತ್ತು ಬೇಡ. ದೋಣಿ ಹೋಗದ ಕಿರುಗಾಲುವೆಗಳಲ್ಲಿ ಇದು ನುಗ್ಗುತ್ತದೆ. ಎರಡೂ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಕೆಲವಕ್ಕೆ ಊರುಗೋಲಿನಂತೆ ಬಾಗಿ ಕೆಸರಿಗಿಳಿದ ಬೇರು, ಇನ್ನು ಕೆಲವಕ್ಕೆ ಕೆಸರಿನಿಂದ ಮೇಲಕ್ಕೆ ಚಾಚಿದ ಉಸಿರುಬೇರು. ಬೀಜ ಗಿಡದಲ್ಲೇ ಮೊಳೆತು ಉದ್ದಕ್ಕೆ ನೇತಾಡುತ್ತಿರುತ್ತದೆ, ಆಮೇಲೆ ಕೆಳಗೆ ಬಿದ್ದು ಕೆಸರಲ್ಲಿ ನಾಟಿಕೊಳ್ಳುತ್ತದೆ. ಮಿಂಚುಳ್ಳಿಯನ್ನು ಅಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ಹುಟ್ಟು ಎತ್ತಿ ಸುಮ್ನೆ ಕೂತರೆ ಏಡಿಗಳೂ ಬಿಲದಿಂದ ಹೊರಗೆ ಬರುತ್ತವೆ.

ಈಗ ತಕರಾರು. ಇಲ್ಲಿ ನಡೆಯುವುದೆಲ್ಲ ಉಬ್ಬರ-ಇಳಿತದ ಲೆಕ್ಕದಲ್ಲಿ. ಉಬ್ಬರದಿಂದ ಇಳಿತಕ್ಕೆ ಸುಮಾರು 6 ತಾಸು, ಮತ್ತೆ ಆ ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅದನ್ನು ನೋಡದೆ ಫೋನಿನಲ್ಲಿ "ಹತ್ತು ಗಂಟೆಗೆ ಬನ್ನಿ ಸರ್" ಅಂದುಬಿಟ್ಟರು. ಹೋದರೆ ನೀರು ಇಳಿಯುತ್ತಿತ್ತು. ದೋಣಿ ನಡೆಸುವ ಹಿರಿಯರು ನೋಡಿದವರೇ, "ಈಗ ಒಳಗೆ ಹೋಗುಕೆ ಆಗುದಿಲ್ಲ, ಕೆಸರಲ್ಲಿ ಸಿಕ್ಕಿ ಬೀಳ್ತ್ರಿ" ಅಂದರು. ಬುಕಿಂಗ್ ತಗೊಂಡವರಿಗೆ ಇದು ಗೊತ್ತಿರಬೇಕಿತ್ತು. ಕೊನೆಗೆ ಮೊದಲು ದೋಣಿ ಮುಗಿಸಿ, ನೀರು ಏರುವ ತನಕ ಕಾದು, ಸಂಜೆ ಮುಂದೆ ಕಯಾಕ್ ಹತ್ತಿದೆವು. ಲೈಫ್ ಜಾಕೆಟ್‌ಗಳಲ್ಲೂ ಒಂದೆರಡರ ಬಕಲ್ ಮುರಿದಿತ್ತು, ಕೇಳಿ ಬದಲಾಯಿಸಿಕೊಂಡೆವು. ನೀವೂ ಕೇಳಿ, ಸಂಕೋಚ ಬೇಡ.

ಕಾದ ಹೊತ್ತು ಮಾತ್ರ ದಂಡವಾಗಲಿಲ್ಲ. ನೀರಿಳಿದ ಮೇಲೆ ಹೊಳೆಯ ತಳವೇ ಹೊರಬಿತ್ತು, ಹೆಂಗಸರು ಬುಟ್ಟಿ ಹಿಡಿದು ಬಳಚು, ಅಂದರೆ ತಿನ್ನುವ ಚಿಪ್ಪು ಹೆಕ್ಕಲು ಇಳಿದರು. ಇಲ್ಲಿಯ ಎಷ್ಟೋ ಮನೆಗಳ ಒಲೆ ಉರಿಯುವುದು ಈ ಚಿಪ್ಪಿನಿಂದ. ದಂಡೆಯಾಚೆ ಗಜನಿ ಗದ್ದೆಗಳಿವೆ. ಮಳೆಗಾಲದಲ್ಲಿ ಉಪ್ಪು ತೊಳೆದುಹೋದಾಗ ಕಗ್ಗ ಅನ್ನುವ, ಉಪ್ಪು ತಾಳುವ ಭತ್ತ ಬೆಳೆಯುತ್ತಾರೆ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ನಮ್ಮ ಎರೆ ಹೊಲದಲ್ಲಿ ಚೂರು ಉಪ್ಪು ಮೇಲೆ ಬಂದರೂ ತಲೆ ಮೇಲೆ ಕೈ ಹೊತ್ತು ಕೂರುತ್ತೇವೆ! ಪ್ರವಾಸ ನಡೆಸುವವರು ಇದರ ಬಗ್ಗೆ ಒಂದು ಮಾತೂ ಹೇಳಲಿಲ್ಲ, ಅದೂ ಬೇಸರವೇ.

ಹೋಗುವವರು ಫೋನಿನಲ್ಲಿ ಮೊದಲು ಕೇಳಬೇಕಾದ್ದು ದರವಲ್ಲ, ಆವತ್ತು ಉಬ್ಬರ ಎಷ್ಟೊತ್ತಿಗೆ ಅಂತ. ನೀರು ಏರುವಾಗ ಕಯಾಕ್ ಹತ್ತಿದರೆ ಒಳಗೆ ಹೋಗುವುದು ಸಲೀಸು. ಚಪ್ಪಲಿ ಕಾಲಿಗೆ ಕಟ್ಟಿಕೊಳ್ಳುವಂಥದ್ದಿರಲಿ, ಕೆಸರಿನಲ್ಲಿ ಚಿಪ್ಪು ಚುಚ್ಚುತ್ತದೆ. ಇನ್ನೊಂದು ಜೊತೆ ಬಟ್ಟೆ ತಗೊಂಡು ಹೋಗಿ, ಆದರೆ ಬದಲಾಯಿಸಲು ಒಂದು ಕೋಣೆಯೂ ಇಲ್ಲ, ಕಾರಿನಲ್ಲೇ ಕಷ್ಟಪಡಬೇಕು.