ವಾಘೋಲಿಯ ಟ್ಯಾಂಕರ್ ನೀರು ಮತ್ತು ಒಂದು ಪರೀಕ್ಷಾಲಯದ ಸೇವೆ

ಪುಣೆಯ ವಾಘೋಲಿಯಲ್ಲಿರುವ ನಮ್ಮ ವಸತಿ ಸಮುಚ್ಚಯಕ್ಕೆ ಬೇಸಿಗೆಯಲ್ಲಿ ಟ್ಯಾಂಕರ್ ನೀರೇ ಗತಿ. ಮಗಳು ಬಾಣಂತನಕ್ಕೆಂದು ಧಾರವಾಡದಿಂದ ಬಂದಾಗ, ಅದನ್ನೇ ಕುದಿಸಿ ಆರಿಸಿ ಕೂಸಿನ ಪುಡಿಹಾಲಿಗೆ ಬಳಸುತ್ತಿದ್ದೆವು. ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ನೀರಿನಲ್ಲಿ ಕರಗಿರುವ ನೈಟ್ರೇಟ್ ಎಂಬ ಲವಣ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ ಎಂದು ಮಕ್ಕಳ ವೈದ್ಯರು ಎಚ್ಚರಿಸಿದ ಮೇಲೆ, ಎನ್‌ಎಬಿಎಲ್ (ಪರೀಕ್ಷಾಲಯಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯುಳ್ಳ ಖಾಸಗಿ ಪರೀಕ್ಷಾಲಯವೊಂದರ ಸೇವೆ ಪಡೆದೆವು.

ಮಾದರಿ ಸಂಗ್ರಹಿಸಿದ ರೀತಿ ನಿಜಕ್ಕೂ ಮೆಚ್ಚುವಂಥದ್ದು. ಬಂದ ಹುಡುಗ ನಲ್ಲಿಯನ್ನು ಕೆಲವು ನಿಮಿಷ ಹರಿಯಬಿಟ್ಟು, ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಬಾರಿ ಜಾಲಿಸಿ, ತುಂಬಿ, ದಿನಾಂಕ ಮತ್ತು ಹೊತ್ತು ಬರೆದ ಚೀಟಿ ಅಂಟಿಸಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದ. ಶುದ್ಧೀಕರಣ ಯಂತ್ರ ಮಾರಲು ಬರುವವರು ಲೋಟಕ್ಕೆ ಅದ್ದಿ ತೋರಿಸುವ ಟಿಡಿಎಸ್ ಮೀಟರಿಗೂ ಇದಕ್ಕೂ ಅಜಗಜಾಂತರ. ಆ ಮೀಟರು ಕರಗಿದ ಲವಣಗಳ ಒಟ್ಟು ಪ್ರಮಾಣವನ್ನು ಅಂದಾಜಿಸುತ್ತದೆಯೇ ವಿನಾ ಅದರಲ್ಲಿ ನೈಟ್ರೇಟ್ ಎಷ್ಟು, ಫ್ಲೋರೈಡ್ ಎಷ್ಟು, ಸೀಸ ಎಷ್ಟು ಎಂದು ಹೇಳಲಾರದು.

ನಮ್ಮ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 62 ಮಿಲಿಗ್ರಾಂ ಇತ್ತು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಮಿತಿ 45. ಎಳೆಯ ಶಿಶುಗಳಲ್ಲಿ ಇದು ರಕ್ತದ ಆಮ್ಲಜನಕ ಸಾಗಿಸುವ ಶಕ್ತಿಯನ್ನು ಕುಂದಿಸಿ, ಮೈಯನ್ನೇ ನೀಲಿಗಟ್ಟಿಸಬಲ್ಲದು. ಇಷ್ಟು ಗಂಭೀರವಾದ ಫಲಿತಾಂಶವನ್ನು ಫೋನ್ ಮಾಡಿ ತಿಳಿಸದೆ, ಮಿತಿಯ ಅಂಕಿಯನ್ನೂ ಪಕ್ಕದಲ್ಲಿ ನಮೂದಿಸದೆ, ಒಂಬತ್ತು ದಿನಗಳ ನಂತರ ಬರಿಯ ಇಮೇಲ್ ಕಳುಹಿಸಿದ್ದು ನನ್ನ ಮಟ್ಟಿಗೆ ಅಕ್ಷಮ್ಯ. ಅಷ್ಟೂ ದಿನ ಕೂಸು ಅದೇ ನೀರು ಕುಡಿದಿತ್ತು. ಪರೀಕ್ಷೆಯ ಗುಣಮಟ್ಟಕ್ಕಾಗಿ ಈ ಸೇವೆಯನ್ನು ಶಿಫಾರಸು ಮಾಡುತ್ತೇನೆ, ಆದರೆ ವರದಿಗಾಗಿ ನೀವೇ ದಿನವೂ ವಿಚಾರಿಸುತ್ತಿರಿ.