ನಿಯತಾಂಕಗಳನ್ನು ಒಂದೊಂದಾಗಿ ಬದಲಿಸಿ ನೋಡಿ ಮೋಸಹೋಗಬೇಡಿ

ಎಂಟು ತಿಂಗಳ ಕೆಲಸವನ್ನು ಮೊದಲಿನಿಂದ ಮಾಡಬೇಕಾಗಿ ಬಂದ ನೋವಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಹಳ್ಳ, ಹೊಳೆಗಳ ಹರಿವನ್ನು ಸ್ವಾಟ್ (SWAT) ಎಂಬ ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕ ಹಾಕುವ ವಿದ್ಯಾರ್ಥಿಗಳು ದಯವಿಟ್ಟು ಪೂರ್ತಿ ಓದಿ.

ನನ್ನದು ಮಲೆನಾಡಿನ ಒಂದು ಸಣ್ಣ ಜಲಾನಯನ ಪ್ರದೇಶ. ಮಾದರಿಯಲ್ಲಿ ನಾನು ಹೊಂದಿಸಲು ಆರಿಸಿಕೊಂಡ ನಿಯತಾಂಕಗಳು, ಅಂದರೆ ನಾವೇ ಬೆಲೆ ಕೊಡಬೇಕಾದ ಅಂಕಿಗಳು, 12. ಪ್ರಭಾವವಿಲ್ಲದವುಗಳನ್ನು ಮೊದಲೇ ಕೈಬಿಡೋಣವೆಂದು ಸೂಕ್ಷ್ಮತಾ ವಿಶ್ಲೇಷಣೆಗೆ, ಅಂದರೆ ಯಾವುದನ್ನು ಬದಲಿಸಿದರೆ ಫಲಿತಾಂಶ ಎಷ್ಟು ಬದಲಾಗುತ್ತದೆ ಎಂದು ನೋಡುವುದಕ್ಕೆ, ಇಳಿದೆ. 11ನ್ನು ಇದ್ದಲ್ಲೇ ಇಟ್ಟು ಒಂದನ್ನು ಮಾತ್ರ ಶೇ 10ರಷ್ಟು ಏರಿಸಿದೆ, ಆಮೇಲೆ ಇಳಿಸಿದೆ. ಹೀಗೆ ಹನ್ನೆರಡಕ್ಕೂ ಮಾಡಿ, ಏನೂ ಬದಲಿಸದ ಒಂದು ಓಟವೂ ಸೇರಿ ಮಾದರಿಯನ್ನು 25 ಬಾರಿ ಓಡಿಸಿದ್ದಾಯಿತು. ಒಂದು ಗಂಟೆಯೂ ಹಿಡಿಯಲಿಲ್ಲ. ಅಂತರ್ಜಲ ಎಷ್ಟು ಬೇಗ ಹಳ್ಳಕ್ಕೆ ಇಳಿಯುತ್ತದೆ ಎಂಬುದನ್ನು ತೀರ್ಮಾನಿಸುವ ನಿಯತಾಂಕದ ಪ್ರಭಾವ ಸೊನ್ನೆ ಎಂದು ಬಂತು. ಅದನ್ನು ಹಾಗೆಯೇ ಸ್ಥಿರಗೊಳಿಸಿಬಿಟ್ಟೆ.

ಮಳೆಗಾಲದ ಹರಿವು ಅಳತೆಗೆ ಚೆನ್ನಾಗಿ ಹೊಂದಿತು. ಆದರೆ ಮಾರ್ಚ್‌ನಲ್ಲಿ ಊರಿನ ಹಳ್ಳ ಹರಿಯುತ್ತಿತ್ತು, ಮಾದರಿಯ ಹಳ್ಳ ಬತ್ತಿಹೋಗಿತ್ತು. ನನ್ನ ಪ್ರಬಂಧದ ವಿಷಯವೇ ಬೇಸಿಗೆಯ ನೀರು.

ಕಾರಣ ತಿಳಿಯಲು ವಾರಗಳೇ ಬೇಕಾದವು. ಈ ಮಾದರಿಯಲ್ಲಿ ಮೇಲ್ಪದರದ ಅಂತರ್ಜಲ ಒಂದು ಮಿತಿ ದಾಟಿದರೆ ಮಾತ್ರ ಹಳ್ಳಕ್ಕೆ ಒಸರುತ್ತದೆ. ಆ ಮಿತಿಯೂ ಒಂದು ನಿಯತಾಂಕ. ನಾನು ಕೊಟ್ಟಿದ್ದ ಮಿತಿಯನ್ನು ನೀರು ಒಮ್ಮೆಯೂ ಮುಟ್ಟಿರಲಿಲ್ಲ. ಶೇ 10 ಇಳಿಸಿದರೂ ಮುಟ್ಟಲಿಲ್ಲ. ತೂಬು ಮುಚ್ಚಿರುವಾಗ ಕಾಲುವೆಯ ಇಳಿಜಾರನ್ನು ಎಷ್ಟು ಬದಲಿಸಿದರೇನು? ಎರಡನ್ನೂ ಒಟ್ಟಿಗೆ, ದೊಡ್ಡ ವ್ಯಾಪ್ತಿಯಲ್ಲಿ ಬದಲಿಸಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಪ್ರತಿ ನಿಯತಾಂಕವೂ ಒಂದು ದಿಕ್ಕು ಎಂದುಕೊಂಡರೆ, ಅವುಗಳ ಎಲ್ಲ ಸಂಯೋಜನೆಗಳೂ ಸೇರಿ ಒಂದು ಘನವಾಗುತ್ತದೆ. ನಡುವಿನಿಂದ ಹೊರಟು ಒಂದೊಂದಾಗಿ ಬದಲಿಸುವಾಗ ನಾವು ಆ ಘನದೊಳಗೆ ಕೂರಿಸಿದ ಗೋಳದ ಆಚೆಗೆ ಹೋಗುವುದೇ ಇಲ್ಲ. ನಿಯತಾಂಕಗಳು 2 ಇದ್ದರೆ ಆ ಗೋಳ ಒಟ್ಟು ಜಾಗದ ಸುಮಾರು ಶೇ 79. 10 ಇದ್ದರೆ ಬರೀ ಶೇ 0.25. ಮೂಲೆಗಳೆಲ್ಲ ಕತ್ತಲೆಯಲ್ಲೇ ಉಳಿಯುತ್ತವೆ.

1991ರಲ್ಲಿ ಪ್ರಕಟವಾದ ಮೋರಿಸ್ ವಿಧಾನವೂ ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತದೆ, ಆದರೆ ಬೇರೆ ಬೇರೆ ಕಡೆಗಳಿಂದ ಹೊರಡುತ್ತದೆ. 20 ಆರಂಭಬಿಂದುಗಳಿಗೆ 260 ಓಟಗಳು. ಓಟಕ್ಕೆ ಎರಡು ನಿಮಿಷದಂತೆ ಒಂದು ರಾತ್ರಿಯ ಕೆಲಸ. ಶೇ 10ರ ಬದಲು ಪ್ರತಿ ನಿಯತಾಂಕಕ್ಕೂ ವಾಸ್ತವದಲ್ಲಿ ಸಾಧ್ಯವಿರುವ ಪೂರ್ಣ ವ್ಯಾಪ್ತಿ ಕೊಟ್ಟೆ. ಸೊನ್ನೆಯಾಗಿದ್ದ ನಿಯತಾಂಕ ಮೂರನೆಯ ಸ್ಥಾನಕ್ಕೆ ಬಂತು.

ಫಲಿತಾಂಶದ ಏರಿಳಿತದಲ್ಲಿ ಪ್ರತಿ ನಿಯತಾಂಕದ ಪಾಲು ಎಷ್ಟು ಎಂದು ಹೇಳುವ ಸೊಬೊಲ್ ಸೂಚ್ಯಂಕಗಳು ಇನ್ನೂ ಸ್ಪಷ್ಟ ಚಿತ್ರ ಕೊಡುತ್ತವೆ. ಆದರೆ 12 ನಿಯತಾಂಕಗಳಿಗೆ 1000 ಮಾದರಿಬಿಂದುಗಳೆಂದರೆ 14,000 ಓಟಗಳು, ನನ್ನ ಕಂಪ್ಯೂಟರಿನಲ್ಲಿ 19 ದಿನ. ಆದ್ದರಿಂದ ಮೋರಿಸ್‌ನಲ್ಲಿ ಸೋಸಿ, ಉಳಿದವಕ್ಕೆ ಮಾತ್ರ ಸೊಬೊಲ್ ಬಳಸಿ. ಅಲ್ಲಿಯೂ ಮೊದಲ ಹಂತದ ಸೂಚ್ಯಂಕವನ್ನಷ್ಟೇ (ಒಂಟಿಯಾಗಿ ಬೀರುವ ಪ್ರಭಾವವನ್ನಷ್ಟೇ) ನೋಡಿ ಯಾವುದನ್ನೂ ಕೈಬಿಡಬೇಡಿ: ಇಶಿಗಾಮಿ ಎಂಬ ಪರೀಕ್ಷಾ ಫಲನದಲ್ಲಿ ಮೂರನೆಯ ಚರದ ಮೊದಲ ಹಂತದ ಸೂಚ್ಯಂಕ ಸೊನ್ನೆ, ಆದರೆ ಉಳಿದವುಗಳ ಜೊತೆಗೂಡಿ ಬೀರುವ ಪ್ರಭಾವವನ್ನೂ ಲೆಕ್ಕಕ್ಕೆ ಹಿಡಿಯುವ ಒಟ್ಟು ಸೂಚ್ಯಂಕ ಸುಮಾರು 0.24.